ಹೂವಿನ ಸೆಲ್ವಿಯ ಎದೆನೋವು

“ಏನಿಲ್ಲ ಅಮ್ಮಾ, ಗ್ಯಾಸು. ಒಂದು ಸೋಡಾ ಕುಡಿದ್ರೆ ಹೋಗುತ್ತೆ,” ಎನ್ನುತ್ತಾ ಹೂ ಮಾರುವ ಸೆಲ್ವಿ ನಮ್ಮ ಗೇಟಿನ ಬಳಿ ಬುಟ್ಟಿ ಇಳಿಸಿ, ಎದೆ ಒತ್ತಿಕೊಂಡು ಕುಳಿತುಬಿಟ್ಟಳು. ಭದ್ರಾವತಿಯ ನ್ಯೂ ಟೌನಿನಲ್ಲಿ ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ಅವಳ ಮುಖದಲ್ಲಿ ಮಾತ್ರ ಬೆವರು ಇಳಿಯುತ್ತಿತ್ತು.

ಹಿಂದಿನ ತಿಂಗಳು ನನಗೂ ಹೀಗೆಯೇ ಎದೆ ಹಿಡಿದಾಗ ಮಗ ಕಾರಿನಲ್ಲಿ ಶಿವಮೊಗ್ಗಕ್ಕೆ ಕರೆದೊಯ್ದು, ಸವಳಂಗ ರಸ್ತೆಯ ಆಸ್ಪತ್ರೆಯಲ್ಲಿ ಎಲ್ಲ ಪರೀಕ್ಷೆ ಮಾಡಿಸಿದ್ದ. ಬರೀ ಗ್ಯಾಸ್ ಎಂದಿದ್ದರು. ಅದನ್ನು ನೆನಪಿಸಿ, “ನಡಿ, ನೀನೂ ತೋರಿಸ್ಕೋ,” ಎಂದೆ. ಸೆಲ್ವಿ ಆ ನೋವಿನಲ್ಲೂ ನಕ್ಕಳು.

“ನಿಮಗೆ ಗ್ಯಾಸ್ ಆದ್ರೂ ಕಾರು ಬರುತ್ತೆ. ನಮಗೆ ಹಾರ್ಟೇ ಕೆಟ್ರೂ ಸೋಡಾನೇ. ನಾನು ಆಸ್ಪತ್ರೆಗೆ ಹೋದ್ರೆ ಈ ಹೂವು ಯಾರು ಮಾರ್ತಾರೆ, ನೀವಾ?”

ನಾನು ಹೊರಗಿನವರ ಎದುರು ಬಾಯಿ ಬಿಡುವವಳಲ್ಲ. ಅಂದು ರಸ್ತೆಗಿಳಿದು ಕೂಗಿ ಆಟೋ ನಿಲ್ಲಿಸಿ, ಬುಟ್ಟಿ ಸಮೇತ ಅವಳನ್ನು ಹತ್ತಿಸಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಇಸಿಜಿ ನೋಡಿದ ಡಾಕ್ಟರು, “ಹಾರ್ಟ್ ಅಟ್ಯಾಕು. ಸದ್ಯ, ಬೇಗ ಕರ್ಕೊಂಡು ಬಂದ್ರಿ,” ಎಂದು ಅವಳನ್ನು ಆಂಬುಲೆನ್ಸಿನಲ್ಲಿ ಶಿವಮೊಗ್ಗಕ್ಕೆ ಕಳಿಸಿದರು. ಬಾಗಿಲು ಮುಚ್ಚುವಾಗಲೂ ಅವಳ ಕಣ್ಣು ನನ್ನ ಕೈಯಲ್ಲಿದ್ದ ಬುಟ್ಟಿಯ ಮೇಲೇ ಇತ್ತು. ಮೊಮ್ಮಕ್ಕಳೇ, ನಿಮ್ಮ ಅಜ್ಜ ಹೋದ ಮೇಲೆ ಹೂವು ಮುಟ್ಟದಿದ್ದ ನಾನು, ಆಸ್ಪತ್ರೆಯ ಗೇಟಿನ ಹೊರಗೆ ತಲೆ ತಗ್ಗಿಸಿ ಕುಳಿತು, ಮೊಳ ಹಾಕಿ ಅಷ್ಟೂ ಸೇವಂತಿಗೆ ಮಾರಿದೆ.

ಸೆಲ್ವಿ ಈಗ ಸಣ್ಣ ಬುಟ್ಟಿ ಹಿಡಿದು ಮತ್ತೆ ಬರುತ್ತಾಳೆ. ಗೇಟಿನಲ್ಲಿ ಅವಳ ಕೂಗು ಕೇಳಿದರೆ, ಹೂವಿಗಿಂತ ಮೊದಲು ಅವಳ ಮುಖ ನೋಡುತ್ತೇನೆ.