ಯಾರೋ ಕಚ್ಚಿದ ರೊಟ್ಟಿ

ದೆವ್ವ, ಗಾಳಿ, ಸೋಕು ಎಂಬ ಮಾತುಗಳನ್ನು ನಾನು ಎಂದೂ ನಂಬಿದವಳಲ್ಲ. ಕಾನ್ವೆಂಟಿನಲ್ಲಿ ಓದಿದವಳು. ಯಾರಾದರೂ ಹುಣಿಸೆಮರದ ಕತೆ ಹೇಳಲು ಕೂತರೆ ನನಗೆ ಹೆದರಿಕೆಯ ಬದಲು ಆಕಳಿಕೆ ಬರುತ್ತಿತ್ತು. ಈಗಲೂ ನಂಬುತ್ತೇನೆ ಎಂದು ಎದೆಮುಟ್ಟಿ ಹೇಳಲಾರೆ. ಆದರೆ ಮಳವಳ್ಳಿಯಲ್ಲಿ ಒಂದು ದಿನ ನಡೆದದ್ದನ್ನು ನಡೆದ ಹಾಗೆ ಬರೆದುಬಿಡುತ್ತೇನೆ. ಇಂಥ ಸಂಗತಿಗಳಿಗೆ ಅಮಾವಾಸ್ಯೆಯ ರಾತ್ರಿ ಬೇಕು ಅನ್ನುತ್ತಾರೆ. ನನಗೆ ಆದದ್ದು ಉರಿಬಿಸಿಲಿನ ಮಧ್ಯಾಹ್ನ, ಊಟದ ಎಲೆಯ ಮುಂದೆ.

ಮೊದಲೇ ಒಂದು ಮಾತು ಹೇಳಿಬಿಡಬೇಕು. ನನಗೆ ಹೆದರಿಕೆ ಕಡಿಮೆಯಾದರೂ ಹೇಸಿಗೆ ಬಹಳ. ಅದರಲ್ಲೂ ಎಂಜಲು. ಮದುವೆಯಾದ ಹೊಸದರಲ್ಲಿ ನಮ್ಮ ಅತ್ತೆ, ಗಂಡ ಉಂಡ ಎಲೆಯಲ್ಲೇ ಹೆಂಡತಿ ಉಣ್ಣಬೇಕು ಎಂದು ಎಲೆಯನ್ನು ಹಾಗೇ ಬಿಟ್ಟು ನನ್ನನ್ನು ಕೂರಿಸುತ್ತಿದ್ದರು. ಹಿಂಡಿ ಬಿಟ್ಟ ನಿಂಬೆಹೋಳು, ಅಗಿದು ಉಗುಳಿದ ಕರಿಬೇವು, ಮಜ್ಜಿಗೆಯಲ್ಲಿ ಬೆರಳು ಎಳೆದ ಗೆರೆ. ನಾನು ಅನ್ನ ಕಲಸಿದಂತೆ ಮಾಡಿ ಎದ್ದುಬಿಡುತ್ತಿದ್ದೆ. ಕೊನೆಗೆ ನಮ್ಮ ಯಜಮಾನರೇ, ಅವಳನ್ನು ಬಿಟ್ಟುಬಿಡಮ್ಮ, ಸೊರಗಿ ಹೋದಾಳು ಎಂದು ಆ ಶಿಕ್ಷೆ ತಪ್ಪಿಸಿದರು.

ನಮ್ಮ ಯಜಮಾನರು ಮಂಡ್ಯದಲ್ಲಿ ಒಂದು ಸಣ್ಣ ಅಚ್ಚುಕೂಟ ಇಟ್ಟುಕೊಂಡು ಪ್ರವಾಸಿಗಳಿಗೆ ಕೈಪುಸ್ತಕ ಹೊರಡಿಸುತ್ತಿದ್ದರು. ಯಾವ ಊರಿಗೆ ಬಸ್ಸು ಯಾವಾಗ, ಛತ್ರ ಎಲ್ಲಿ, ಊಟ ಎಲ್ಲಿ ಎಂಬುದೆಲ್ಲ ಅದರಲ್ಲಿ ಇರುತ್ತಿತ್ತು. ಕೊನೆಯ ಪುಟಗಳಲ್ಲಿ ಅವರದೇ ಹರಟೆ: ಪತ್ರಿಕೆಯ ಸುದ್ದಿ, ದಾರಿಯಲ್ಲಿ ಕಂಡದ್ದು, ಮನೆಯ ಕಾಫಿ ಕೆಟ್ಟದ್ದು. ಓದುಗರಿಗೆ ಆ ಹರಟೆಯೇ ಇಷ್ಟ. ಅಚ್ಚಿನ ತಪ್ಪು ತಿದ್ದುವವಳು ನಾನು, ತಿದ್ದುತ್ತ ತಿದ್ದುತ್ತ ಅಸಹ್ಯಪಡುವವಳೂ ನಾನೇ. ಆಗ ಯುದ್ಧದ ಕಾಲ. ಕಬ್ಬಿನ ಊರಿನಲ್ಲಿದ್ದುಕೊಂಡು ಸಕ್ಕರೆಗೆ ಸಾಲು ನಿಲ್ಲುತ್ತಿದ್ದೆವು. ಬರ್ಮಾದಿಂದ ನಡೆದು ಬರುತ್ತಿದ್ದವರು ಕಾಡಿನಲ್ಲಿ ಬಿದ್ದು ಸತ್ತ ಸುದ್ದಿ ಪತ್ರಿಕೆಯಲ್ಲಿ, ಮುಖಕ್ಕೆ ಹಚ್ಚುವ ಪೌಡರಿನ ಜಾಹೀರಾತಿನ ಮಗ್ಗುಲಲ್ಲೇ ಅಚ್ಚಾಗುತ್ತಿತ್ತು. ಇವರು ಮಾತ್ರ ಯುದ್ಧ ದೂರದಲ್ಲಿದೆ, ಗಗನಚುಕ್ಕಿ ಹತ್ತಿರದಲ್ಲಿದೆ ಎಂದು ಬರೆದು, ಹೇಗಿದೆ ಎಂದು ನನ್ನ ಮುಖ ನೋಡುತ್ತಿದ್ದರು.

ಹೆಂಗಸರಿಗೆ ಊಟ ತಿಂಡಿಯ ಅನುಕೂಲ ಎಲ್ಲಿ ಹೇಗಿದೆ ಎಂದು ನೋಡಿ ಹೇಳಲಿ ಎಂದು ಒಂದು ಸಲ ನನ್ನನ್ನೂ ಕರೆದುಕೊಂಡು ಹೊರಟರು. ಮದ್ದೂರಿನಲ್ಲಿ ರೈಲಿಳಿದು ಮಳವಳ್ಳಿಯ ಬಸ್ಸು ಹತ್ತಿದೆವು. ಪೆಟ್ರೋಲು ಸಿಗದೆ ಬಸ್ಸುಗಳ ಹಿಂದೆ ಇದ್ದಿಲ ಒಲೆ ಕಟ್ಟಿ ಅದರ ಗ್ಯಾಸಿನಿಂದಲೇ ಓಡಿಸುತ್ತಿದ್ದ ಕಾಲ ಅದು. ಮುಂದಿನ ಸೀಟಿನವನು ಕಿಟಕಿಯಾಚೆ ಉಗುಳಿದ ಎಲೆಅಡಿಕೆ ಗಾಳಿಗೆ ತಿರುಗಿ ನನ್ನ ಸೆರಗಿಗೇ ಬಂತು. ಪಕ್ಕದ ಮುದುಕಿ ತನ್ನ ಕೋಳಿಯನ್ನು ನನ್ನ ಪಾದದ ಮೇಲೆ ಇಟ್ಟು, ಕಚ್ಚಾಕಿಲ್ಲ ಕಣವ್ವ, ಸುಮ್ಕಿರು ಎಂದು ನನಗೇ ಬುದ್ಧಿ ಹೇಳಿದಳು. ಮೂಗಿಗೆ ಬಟ್ಟೆ ಹಿಡಿದುಕೊಂಡು, ಇದನ್ನೂ ಸುಖಪ್ರಯಾಣ ಅಂತಲೇ ಬರೆಯುತ್ತೀರಾ ಎಂದು ಕೇಳಿದೆ. ಬೇರೆ ಏನು ಬರೆದರೂ ಯಾರು ಕೊಳ್ಳುತ್ತಾರೆ ಮಾರಾಯ್ತಿ ಎಂದರು.

ಮಳವಳ್ಳಿಯಲ್ಲಿ ದೇವೀರಮ್ಮ ಎಂಬಾಕೆ ಮನೆಯಲ್ಲೇ ಅಡಿಗೆ ಮಾಡಿ ಪರಸ್ಥಳದವರಿಗೆ ಬಡಿಸುತ್ತಾಳೆ ಎಂದು ಕೇಳಿದ್ದರು. ಆಕೆಯ ನಿಜವಾದ ಹೆಸರು ಇದಲ್ಲ. ಜಗಲಿಯ ಮೇಲೆ ಆಕೆಯ ಭಾವ, ಗಂಡನ ಅಣ್ಣ, ಕೂತಿದ್ದ. ಬೆಳಕವಾಡಿಯ ಕಡೆಯ ರೈತ. ನಾವು ಕಾಲು ತೊಳೆಯುವಷ್ಟರಲ್ಲಿ ಮನೆಯ ಕತೆಯನ್ನೆಲ್ಲ ನಮ್ಮ ಯಜಮಾನರಿಗೆ ಒಪ್ಪಿಸಿದ. ತಮ್ಮ ಲಾರಿ ಓಡಿಸುತ್ತಿದ್ದನಂತೆ, ದಂಡಿಗೆ ಡ್ರೈವರಾಗಿ ಸೇರಿ ಬರ್ಮಾ ಕಡೆ ಹೋದವನ ಸುದ್ದಿಯೇ ಇಲ್ಲವಂತೆ. ಈಕೆಯೋ ಬಳೆ ತೆಗೆಯಲೊಲ್ಲಳು, ಈ ಅಡಿಗೆ ವ್ಯಾಪಾರ ನಿಲ್ಲಿಸಿ ಊರಿಗೆ ಬಾ ಅಂದರೆ ಬರಲೊಲ್ಲಳು. ಆಕೆಗೆ ಕೇಳಲಿ ಎಂದೇ ಗಟ್ಟಿಯಾಗಿ ಹೇಳಿದ:

"ಒಂದೇ ಒಂದು ಗುರ್ತು ಸಿಕ್ಲಿ ಸ್ವಾಮಿ, ಅವನು ತೀರೋದ ಅಂತ. ಆವತ್ತೇ ಕಾರ್ಯ ಮುಗ್ಸಿ, ಬಳೆ ಒಡ್ಸಿ, ಊರಿಗೆ ಕರ್ಕೊಂಡೋಯ್ತೀನಿ. ಇಲ್ದೋನ ಎಸ್ರಲ್ಲಿ ಇನ್ನೆಷ್ಟ್ ದಿನ ಕುಂಕ್ಮ ಇಕ್ಕೊಂಡು ಕುಂತಿರ್ತಾಳೆ?"

ಒಳಗೆ ದೇವೀರಮ್ಮ ಕಾವಲಿಯ ಮೇಲಿನ ರೊಟ್ಟಿ ತಿರುವಿ ಹಾಕಿದಳು, ಅಷ್ಟೆ. ಕೈತುಂಬ ಹಸಿರು ಬಳೆ. ಊರಿಗೆ ಹೋದರೆ ಭಾವನ ಮನೆಯ ಕೊಟ್ಟಿಗೆ ಬಳಿದುಕೊಂಡು ಮೂಲೆಯಲ್ಲಿ ಬಿದ್ದಿರಬೇಕು ಎಂಬುದು ಆಕೆಗೆ ಗೊತ್ತಿತ್ತು, ಆ ಮನುಷ್ಯನ ದನಿ ಕೇಳಿದ ನನಗೂ ಗೊತ್ತಾಯಿತು.

ಗಂಡಸರಿಗೆ ಹೊರಗಿನ ಪಡಸಾಲೆಯಲ್ಲಿ ಬಡಿಸಿ, ನನಗೆ ಅಡಿಗೆಮನೆಯಲ್ಲೇ ಮಣೆ ಹಾಕಲು ಬಂದಳು. ಒಲೆಯ ಪಕ್ಕದ ಗೋಡೆಗೆ ಒಂದು ಮಣೆ, ಅದರ ಮುಂದೆ ನೀರು ಚಿಮುಕಿಸಿದ ಮುತ್ತುಗದ ಎಲೆ ಆಗಲೇ ಇತ್ತು. ನನಗೇ ಎಂದುಕೊಂಡು ಕೂತುಬಿಟ್ಟೆ. ಆಕೆ ಏನೋ ಹೇಳಲು ಬಾಯಿ ತೆರೆದವಳು, ಕೈಯಲ್ಲಿದ್ದ ಇನ್ನೊಂದು ಮಣೆಯನ್ನು ಗೋಡೆಗೆ ಒರಗಿಸಿದಳು. ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ಬಡಿಸಿದಳು. ರೇಷನ್ನಿನ ಮುಗ್ಗಲು ಅಕ್ಕಿಯಾದರೂ ರೊಟ್ಟಿ ಘಮಘಮ ಎನ್ನುತ್ತಿತ್ತು. ನೀರಿನ ಚೊಂಬು ತೆಗೆದುಕೊಳ್ಳಲು ಪಕ್ಕಕ್ಕೆ ಬಾಗಿ ಮತ್ತೆ ಎಲೆಯ ಕಡೆ ತಿರುಗಿದೆ. ರೊಟ್ಟಿಯ ಅಂಚನ್ನು ಯಾರೋ ಕಚ್ಚಿದ್ದರು.

ಅರ್ಧಚಂದ್ರದಂಥ ಕಚ್ಚು. ಹಲ್ಲಿನ ಗುರುತು ಸಾಲಾಗಿ ಮೂಡಿತ್ತು. ನಡುವೆ ಒಂದು ಕಡೆ ಮಾತ್ರ ರೊಟ್ಟಿ ಕತ್ತರಿಸದೆ ಸಣ್ಣ ನಾಲಿಗೆಯ ಹಾಗೆ ಉಳಿದಿತ್ತು, ಅಲ್ಲಿ ಹಲ್ಲಿಲ್ಲದ ಬಾಯಿಯ ಹಾಗೆ. ಅಂಚೆಲ್ಲ ಜೊಲ್ಲಿನಿಂದ ಒದ್ದೆ. ಯಾರೋ ತಿಂದು ಬಿಟ್ಟದ್ದನ್ನು ಬಡಿಸಿದ್ದಾಳೆ, ನಾನು ಮೊದಲು ನೋಡಲಿಲ್ಲ ಎಂದುಕೊಂಡೆ. ಜಗಳವಾಡುವ ಸ್ವಭಾವ ನನ್ನದಲ್ಲ. ಅದನ್ನು ಎಲೆಯ ತುದಿಗೆ ಸರಿಸಿ, ಇದು ಬೇಡ, ಇನ್ನೊಂದು ಕೊಡಮ್ಮ ಎಂದೆ.

ಆಕೆ ನನ್ನ ಕಣ್ಣೆದುರಿಗೇ ಹಿಟ್ಟು ತಟ್ಟಿ, ಬೇಯಿಸಿ, ಹಬೆಯಾಡುವ ರೊಟ್ಟಿಯನ್ನು ಎಲೆಗೆ ಹಾಕಿ ಒಲೆಯ ಕಡೆ ತಿರುಗಿದಳು. ಈ ಸಲ ನಾನು ಕಣ್ಣು ಕೀಳಲಿಲ್ಲ. ಕಚ್ಚುವುದನ್ನು ಕಂಡೆ ಎಂದು ಸುಳ್ಳು ಹೇಳುವುದಿಲ್ಲ. ರೊಟ್ಟಿ ಇಡಿಯಾಗಿತ್ತು. ಆಮೇಲೆ ಇಡಿಯಾಗಿರಲಿಲ್ಲ. ಅಷ್ಟೇ ನಾನು ಹೇಳಬಲ್ಲೆ. ಅದೇ ಅರ್ಧಚಂದ್ರ, ನಡುವೆ ಅದೇ ಸಣ್ಣ ನಾಲಿಗೆ, ಸುಡುಸುಡು ರೊಟ್ಟಿಯ ಮೇಲೂ ಆರದ ಒದ್ದೆ.

ನಾನು ವಾಕರಿಸಿದ ಸದ್ದಿಗೆ ದೇವೀರಮ್ಮ ತಿರುಗಿದಳು. ನಾಚಿಕೆಪಡುತ್ತಾಳೆ, ಏನೋ ಸಬೂಬು ಹೇಳುತ್ತಾಳೆ ಎಂದುಕೊಂಡಿದ್ದೆ. ಆಕೆ ಎಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಆ ಸಣ್ಣ ನಾಲಿಗೆಯನ್ನು ಬೆರಳಿನ ತುದಿಯಿಂದ ಮುಟ್ಟಿ ನೋಡಿದಳು.

"ಲಾರಿ ಹ್ಯಾಂಡ್ಲು ತಿರುಗಿ ಒಡ್ದು ನಮ್ಮೋರ ಮುಂದ್ಲ ಅಲ್ಲು ಓಗಿತ್ತು ಕಣಮ್ಮ," ಎಂದಳು, ಮೆಲ್ಲಗೆ. "ದಿನಾ ಎಲೆ ಆಕ್ತೀನಿ. ಇವತ್ತು ಬಂದವ್ರೆ."

ಹೇಳಿದವಳೇ ಮೊದಲ ರೊಟ್ಟಿಯನ್ನು ತೆಗೆದುಕೊಂಡು ಗೋಡೆಗೆ ಮುಖ ಮಾಡಿ ತಿನ್ನತೊಡಗಿದಳು. ಕಚ್ಚಿದ ಕಡೆಯಿಂದಲೇ. ಹೊಸ ಮದುವಣಗಿತ್ತಿಯ ಹಾಗೆ ಸೆರಗು ಮರೆಮಾಡಿಕೊಂಡು, ಹಸಿದವಳ ಹಾಗೆ ದೊಡ್ಡ ತುತ್ತು. ನನ್ನ ಮೈಯೆಲ್ಲ ಹೇಸಿಗೆಯಿಂದ ಮುಳ್ಳೆದ್ದಿತು. ನೋಡಬಾರದು ಎಂದರೂ ನೋಡುತ್ತಿದ್ದೆ. ಅರ್ಧಕ್ಕೆ ಬಂದಾಗ ಆಕೆಯ ದವಡೆ ನಿಂತಿತು. ಬದುಕಿರುವ ಮನುಷ್ಯ ಬರ್ಮಾದಿಂದ ಹೀಗೆ ಬಂದು ರೊಟ್ಟಿ ಕಚ್ಚಿ ಹೋಗಲಾರ. ಅದು ನನಗೆ ಹೊಳೆದ ಗಳಿಗೆಯಲ್ಲೇ ಆಕೆಗೂ ಹೊಳೆದಿರಬೇಕು. ಒಂದು ಕೈ ಇನ್ನೊಂದು ಕೈಯ ಬಳೆಗಳನ್ನು ಗಟ್ಟಿಯಾಗಿ ಅದುಮಿ ಹಿಡಿಯಿತು.

ಹೊರಗಿನಿಂದ ಭಾವ, ಏನಮ್ಮಿ ಅದು, ಆಯಮ್ಮನಿಗೆ ಏನಾಯ್ತು ಎನ್ನುತ್ತ ಎದ್ದು ಬರುವುದು ಕೇಳಿಸಿತು. ಆಕೆ ಕೈಯಲ್ಲಿದ್ದುದನ್ನು ಬಾಯಿಗೆ ತುರುಕಿಕೊಂಡಳು. ನನ್ನ ಎಲೆಯಲ್ಲಿ ಎರಡನೆಯ ರೊಟ್ಟಿ ಹಾಗೇ ಇತ್ತು. ಭಾವನೋ ತಮ್ಮನ ಜೊತೆ ಒಂದೇ ತಟ್ಟೆಯಲ್ಲಿ ಉಂಡು ಬೆಳೆದವನು. ಆ ಹಲ್ಲಿನ ಸಾಲು ಅವನಿಗೆ ಗೊತ್ತಿಲ್ಲದೆ ಇರುತ್ತದೆಯೇ? ದೇವೀರಮ್ಮ ತುಂಬಿದ ಬಾಯಲ್ಲಿ ನನ್ನನ್ನು ನೋಡಿದಳು.

ರೊಟ್ಟಿಯನ್ನು ತೆಗೆದು, ಆ ಗುರುತಿನ ಮೇಲೆಯೇ ಬಾಯಿಟ್ಟು ಕಚ್ಚಿದೆ.

ಅದರ ರುಚಿ ಕೇಳಬೇಡಿ. ರೊಟ್ಟಿ ಸುಡುತ್ತಿತ್ತು, ಆ ಅಂಚು ಮಾತ್ರ ತಣ್ಣಗಿತ್ತು, ಕೆರೆಯ ತಳದ ಕೆಸರಿನ ಹಾಗೆ. ತುಟಿಗೆ ಲೋಳೆ ತಾಗಿತು. ಕಣ್ಣಲ್ಲಿ ನೀರು ಬಂತು. ಬಾಗಿಲಲ್ಲಿ ನಿಂತ ಭಾವ, ಆತನ ಹೆಗಲ ಹಿಂದೆ ಇಣುಕುತ್ತಿದ್ದ ನಮ್ಮ ಯಜಮಾನರು, ಇಬ್ಬರೂ ನೋಡುತ್ತಿದ್ದಂತೆ ಅಗಿದು ನುಂಗಿದೆ. ಬಸ್ಸಿನ ಹೊಗೆಗೆ ಪಿತ್ತ ಕೆದರಿದೆ, ಊಟ ಚೆನ್ನಾಗಿದೆ ಎಂದೆ.

"ಖಾರ ಜಾಸ್ತಿ ಆಗ್ಯದೆ ಚಟ್ನಿಗೆ," ಎಂದು ಭಾವ ಹೋಗಿ ಕೂತ. ನಮ್ಮ ಯಜಮಾನರು ಸಂತೋಷದಿಂದ, ಹೆಂಗಸರಿಗೆ ಪ್ರತ್ಯೇಕ ಅನುಕೂಲವುಂಟು ಎಂದು ಪುಸ್ತಕದಲ್ಲಿ ಬರೆದರು. ನಾನು ಒಂದಕ್ಷರವೂ ತಿದ್ದಲಿಲ್ಲ.

ಆ ದಿನ ನಡೆದದ್ದು ಏನು? ಇಲಿಯ ಹಲ್ಲು ಹಾಗಿರುವುದಿಲ್ಲ. ಮನೆಯಲ್ಲಿ ಮಕ್ಕಳಿರಲಿಲ್ಲ. ನನ್ನ ತಲೆ ಕೆಟ್ಟಿತ್ತು ಎನ್ನೋಣವೆಂದರೆ ಕಂಡವಳು ನಾನೊಬ್ಬಳೇ ಅಲ್ಲ. ಯುದ್ಧ ಮುಗಿಯಿತು. ಹೋದವರು ಕೆಲವರು ಬಂದರು, ಕೆಲವರು ಬರಲಿಲ್ಲ. ಆ ಡ್ರೈವರು ಏನಾದ ಎಂದು ಕೇಳಲು ನನಗೆ ಧೈರ್ಯವೇ ಬರಲಿಲ್ಲ. ಕೇಳಿದರೆ ಉತ್ತರ ಸಿಕ್ಕಿಬಿಟ್ಟೀತು.

ಅಂದು ಹೊರಡುವಾಗ ದೇವೀರಮ್ಮ ಕುಂಕುಮದ ಬಟ್ಟಲು ಹಿಡಿದು ಬಾಗಿಲಿಗೆ ಬಂದಳು. ಬಂದ ಮುತ್ತೈದೆಗೆ ಕುಂಕುಮ ಕೊಟ್ಟು ಕಳಿಸುವುದು ವಾಡಿಕೆ. ಗಂಡನನ್ನು ಕಳೆದುಕೊಂಡವಳು ಕೊಡಕೂಡದು, ಕೊಟ್ಟರೆ ಪಡೆದವಳ ಗಂಡನಿಗೆ ಕೇಡು ಎನ್ನುತ್ತಾರೆ. ಜಗಲಿಯಿಂದ ಭಾವ ನೋಡುತ್ತಿದ್ದ. ಆಕೆ ಬಟ್ಟಲು ಹಿಡಿದು ನಿಂತೇ ಇದ್ದಳು, ಬೆರಳು ಮುಂದೆ ಬರಲಿಲ್ಲ. ಇಂಥವನ್ನೆಲ್ಲ ಹಾಸ್ಯ ಮಾಡುತ್ತಿದ್ದ ನಾನು ಬೀದಿಯಲ್ಲಿ ಕೊಡೆ ಬಿಚ್ಚುತ್ತಿದ್ದ ನಮ್ಮ ಯಜಮಾನರನ್ನು, ಅವರ ಬಡಕಲು ಕತ್ತನ್ನು, ಒಂದು ಸಲ ನೋಡಿದೆ. ಆಮೇಲೆ ಹಣೆ ಮುಂದೆ ಮಾಡಿದೆ. ಆಕೆ ಇಟ್ಟಳು.

ಮಂಡ್ಯ ಮುಟ್ಟುವವರೆಗೂ ಬೆವರಿಗೆ ಆ ಕುಂಕುಮ ಮೂಗಿನ ಮೇಲೆ ಇಳಿಯುತ್ತಿತ್ತು. ನಾನು ಒರೆಸಿಕೊಳ್ಳಲಿಲ್ಲ.