ಅಪ್ಪನ ಹೊಟ್ಟೆಯೊಳಗಿನ ದಾಸೋಹ

ಫ್ರೆಂಡ್ಸ್, ಕರುಳಿನ ಬ್ಯಾಕ್ಟೀರಿಯಾಗೂ ಶುಗರ್‌ಗೂ ಏನು ಸಂಬಂಧ ಅಂತ ನಾನು ಮಾಡಿದ ಪಿಎಚ್‌ಡಿ ಇವತ್ತು ಸಾರ್ಥಕ ಆಯ್ತು. ಅದೂ ಮರಳೂರಲ್ಲಿ, ಚಿಕ್ಕಪ್ಪನ ಗೃಹಪ್ರವೇಶದ ಊಟದಲ್ಲಿ!

ಅಪ್ಪನಿಗೆ ಶುಗರ್ ಇದೆ. ಆದ್ರೂ ಚಿಕ್ಕಪ್ಪ ಬಿಡ್ಬೇಕಲ್ಲ. "ಮಾತ್ರೆ ನುಂಗ್ತೀಯಲ್ಲಣ್ಣ, ಇನ್ನೊಂದು ಹೋಳಿಗೆ ಹಾಕ್ಸ್ಕೊ" ಅಂತ ಬಲವಂತ ಮಾಡಿದ್ರು.

ಅಪ್ಪ ಎಲೆಗೆ ಕೈ ಅಡ್ಡ ಇಟ್ರು. "ಲೇ, ನಾನೊಬ್ನೇ ಉಣ್ತಿಲ್ಲ ಕಣೋ. ನನ್ನ ಕರುಳಲ್ಲಿ ಕೋಟಿಗಟ್ಲೆ ಬ್ಯಾಕ್ಟೀರಿಯಾ ಪಂಕ್ತೀಲಿ ಕೂತವೆ. ಸೊಪ್ಪು, ಕಾಳು ಹಾಕಿದ್ರೆ ಅವು ಇನ್ಸುಲಿನ್ ಕೆಲ್ಸಕ್ಕೆ ಕೈಜೋಡಿಸ್ತವೆ. ಬರೀ ಸಿಹಿ ಹಾಕಿದ್ರೆ ಒಳ್ಳೇವೆಲ್ಲ ಉಪವಾಸ. ಇದೂ ದಾಸೋಹನೇ ಬುಡು. ಕಾಳುಪಲ್ಯ ತತ್ತಾ!"

ವರ್ಷಗಟ್ಲೆ ಲ್ಯಾಬಲ್ಲಿ ಕೂತು ನಾನು ಬರೆದಿದ್ದು ಅಪ್ಪನ ಬಾಯಲ್ಲಿ ಕೇಳಿ ಎದೆ ಉಬ್ಬಿಹೋಯ್ತು. ಅಷ್ಟರಲ್ಲಿ ಸಾಲಲ್ಲಿದ್ದ ಶುಗರ್‌ನೋರೆಲ್ಲ "ನಮಗೂ ಪಲ್ಯ" ಅಂದು ಪಾತ್ರೆನೇ ಖಾಲಿ ಮಾಡಿದ್ರು. ಹೋಳಿಗೆ ಕೇಳೋರೇ ಇಲ್ಲ. ಚಿಕ್ಕಪ್ಪ ಮುಖ ಊದಿಸ್ಕೊಂಡು, ಮಿಕ್ಕಿದ್ದನ್ನೆಲ್ಲ ನಮಗೇ ಕಟ್ಟಿ ಕಳಿಸಿದ್ರು.

ಈಗ ಅಪ್ಪ ಆ ಹೋಳಿಗೆ ಡಬ್ಬಿ ಮುಂದೆ ಕೂತು ನನ್ನನ್ನೇ ಕೇಳ್ತಿದ್ದಾರೆ: "ದಾಸೋಹ ಅಂದ್ಮೇಲೆ, ಒಳಗೆ ಪಂಕ್ತೀಲಿ ಕೂತಿರೋರ್ನ ಸಿಹಿ ಹಾಕ್ದೆ ಎಬ್ಬಿಸೋದು ಧರ್ಮನೇನಮ್ಮ?"