ಲಕ್ಕಣ್ಣ ಮೇಷ್ಟ್ರ ಕಿಟಕಿಗಳು

ನಮ್ಮ ಅಟ್ಟೂರಿನ ಶಾಲೆಯ ಲಕ್ಕಣ್ಣ ಮೇಷ್ಟ್ರು ಮಿಲಿಟರಿ ಬಿಟ್ಟು ಬಂದವರೋ, ಮಿಲಿಟರಿಯನ್ನೇ ಜೊತೆಗೆ ತಂದವರೋ ಎಂಬುದು ಪಕ್ಕದ ತರಗತಿಯ ಟೀಚರಾದ ನನಗೆ ಇನ್ನೂ ಬಗೆಹರಿದಿಲ್ಲ. ಗಂಟೆ ಬಾರಿಸಿದರೆ ಸಾಲದು, ಅವರು "ವಿಸರ್ಜನ್!" ಎಂದು ಗುಡುಗುವವರೆಗೆ ಮಕ್ಕಳು ಕದಲುವಂತಿಲ್ಲ. ಊಟದ ಡಬ್ಬಿಗಳೂ ಕವಾಯತಿಗೆ ನಿಂತಂತೆ ಸಾಲಾಗಿರಬೇಕು. ಲೆಕ್ಕ ತಪ್ಪಿದರೆ ಬೈಗುಳ ಹಿಂದಿಯಲ್ಲಿ, ಸಮಾಧಾನ ಮಾತ್ರ ಕನ್ನಡದಲ್ಲಿ: "ಹೋಗ್ಲಿ ಬಿಡೋ ಮಗಾ, ಇನ್ನೊಂದ್ಸಲ ಮಾಡು." ಇಂಥವರು ಪಕ್ಕದ ಯಲಹಂಕದಲ್ಲಿ ಏರ್ ಶೋ ತಾಲೀಮು ಶುರುವಾದರೆ ಮಕ್ಕಳಿಗಿಂತ ಮೊದಲು ಅಂಗಳಕ್ಕೆ ಓಡುತ್ತಾರೆಂದುಕೊಂಡಿದ್ದೆ. ಮೊದಲ ಯುದ್ಧವಿಮಾನ ತಲೆಯ ಮೇಲೆ ಹಾದಾಗ ಕರೆಯಲು ಹೋದರೆ, ಅವರು ತಿರುಗಲೇ ಇಲ್ಲ. ಬರೆಯುತ್ತಲೇ ಇದ್ದರು. ಹಲಗೆ ಮುಗಿದರೂ ಸೀಮೆಸುಣ್ಣ ನಿಲ್ಲದೆ ಗೋಡೆಯ ಮೇಲೆ ಸಾಗಿತು. ಸದ್ದಡಗಿದ ಮೇಲೆ, ಗೋಡೆಯ ಮೇಲೆ ಯಾರು ಬರೆದರೋ ಎಂಬಂತೆ ಅದನ್ನೇ ನೋಡುತ್ತ ನಿಂತರು. ಮಕ್ಕಳು ಯಾರೂ ನಗಲಿಲ್ಲ. ಮರುದಿನ ನನ್ನ ತರಗತಿಯವರೆಲ್ಲ ವಿಮಾನ ನೋಡಲು ಕಿಟಕಿಗೆ ಮುತ್ತಿಕೊಂಡಾಗ, ಅವರ ತರಗತಿಯ ಕಿಟಕಿಗಳು ದಡದಡನೆ ಮುಚ್ಚಿಕೊಂಡವು. ಏನಾಯಿತೆಂದು ಹೋಗಿ ಬಾಗಿಲಲ್ಲಿ ಇಣುಕಿದೆ. "ಈ ಸೆಕೇಲಿ ಯಾಕ್ರೋ ಮುಚ್ತೀರಾ?" ಎಂದು ಮೇಷ್ಟ್ರು ಕಕ್ಕಾಬಿಕ್ಕಿಯಾಗಿ ಕೇಳಿದರು. ಮುಂದಿನ ಬೆಂಚಿನ ದಿವ್ಯ ಎದ್ದು ನಿಂತು, ನಡುಮಧ್ಯಾಹ್ನದ ಆ ಬಿಸಿಲಿನಲ್ಲಿ, ಕಣ್ಣು ಮಿಟುಕಿಸದೆ ಹೇಳಿದಳು: "ಸೊಳ್ಳೆ ಬರ್ತಾವೆ ಸಾರ್."